ಎಡಕ್ಕೆ ವಾಲಿದ ಗಾಡಿ

ಮೂಡಲಗಿ ಪೇಟೆಯಲ್ಲಿ ರಾಚಪ್ಪನ ಗಾಡಿಯನ್ನು ದೂರದಿಂದಲೇ ಗುರುತಿಸಬಹುದಿತ್ತು. ಹಿಂದೆ ಮಾಲು ಹೇರಲು ತೆರೆದ ಡಬ್ಬಿಯಿದ್ದ ಆ ಸಣ್ಣ ಲಾರಿ, ಒಂದು ಕಾಲು ಎಳೆಯುವ ಎತ್ತಿನ ಹಾಗೆ, ಎಡಕ್ಕೆ ವಾಲಿಕೊಂಡು ಬರುತ್ತಿತ್ತು. ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತವರು, "ಏ ರಾಚಪ್ಪಾ, ನಿನ್ನ ಗಾಡಿ ಯಾರ ಕಿವ್ಯಾಗ ಗುಟ್ಟು ಹೇಳಾಕ ಬಗ್ಗೇತೋ?" ಎಂದು ಕೂಗುತ್ತಿದ್ದರು. ಅವನು ನಗುತ್ತಿರಲಿಲ್ಲ, ಸಿಟ್ಟಿಗೂ ಏಳುತ್ತಿರಲಿಲ್ಲ. ರಸ್ತೆಯ ಮೇಲೆ ಕಣ್ಣಿಟ್ಟು ಹೋಗಿಬಿಡುತ್ತಿದ್ದ.

ಗಾಡಿ ಅವನದಲ್ಲ, ರಾವಸಾಹೇಬ ಸಾವಕಾರರದು. ರಾಚಪ್ಪ ಅದರ ಡ್ರೈವರು. ಆದರೆ ಅದು ಊರಿಗೆ ಬಂದ ದಿನದಿಂದ ಅವನೇ ಓಡಿಸಿದ್ದರಿಂದ, ಅದರ ಸದ್ದಿನಲ್ಲಿ ಏನು ಹೆಚ್ಚುಕಡಿಮೆಯಾದರೂ ಮೊದಲು ತಿಳಿಯುತ್ತಿದ್ದುದು ಅವನಿಗೆ. ಹಾಗಿದ್ದವನು ಈ ವಾಲುವಿಕೆಯನ್ನು ಮಾತ್ರ ಮಳೆಗಾಲದಿಂದ ಹಾಗೆಯೇ ಬಿಟ್ಟಿದ್ದ. ಸಾವಕಾರರು ಕೇಳಿದಾಗಲೆಲ್ಲ, "ಯುದ್ಧದ ಕಾಲರಿ, ಸಾಮಾನು ಸಿಗೂದಿಲ್ಲ" ಎನ್ನುತ್ತಿದ್ದ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಹತ್ತಿ ಬಿಡಿಸುವ ಕಾಲ ಬಂತು. ಅರಭಾವಿಯ ತಿರುವಿನಲ್ಲಿ ಗಾಡಿ ವಾಲಿ, ಹಗ್ಗ ಹರಿದು, ಹತ್ತಿಯ ಅಂಡಿಗೆಗಳು ಕಾಲುವೆಯ ನೀರಿಗೆ ಬಿದ್ದವು. ಸಾವಕಾರರು ಆ ಸಂಜೆ ಬಯ್ಯಲಿಲ್ಲ. ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಹೇಳಿದರು:

"ರಾಚಪ್ಪಾ, ನಿನ್ನ ಮನಿ ದುಃಖ ನನಗ ಗೊತ್ತೈತಿ. ಅದಕ್ಕಽ ಇಷ್ಟ ದಿನ ಸುಮ್ನಿದ್ದೆ. ನಾಳಿ ಗಾಡಿ ನೆಟ್ಟಗ ಮಾಡಿಸು. ಆಗೂದಿಲ್ಲ ಅಂದ್ರ ಚಾವಿ ಇಲ್ಲಿಟ್ಟು ಹೋಗು, ಬ್ಯಾರೆದಾಂವ ಮಾಡಿಸ್ತಾನ."

ಬೇರೆಯವನ ಕೈಗೆ ಆ ಗಾಡಿ ಹೋಗುವುದನ್ನು ರಾಚಪ್ಪನಿಗೆ ಊಹಿಸಲಾಗಲಿಲ್ಲ. ಮರುದಿನ ಹೊತ್ತು ಏರುವ ಮೊದಲೇ ಊರ ಹೊರಗಿನ ಮಾಲಿಂಗಪ್ಪ ಮಿಸ್ತ್ರಿಯ ತಗಡಿನ ಚಪ್ಪರಕ್ಕೆ ಗಾಡಿ ತಂದು ನಿಲ್ಲಿಸಿದ.

ಮಾಲಿಂಗಪ್ಪ ಜಾಕು ಏರಿಸಿ, ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿದ. ಚಕ್ರದ ಮೇಲೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿರುತ್ತಾರೆ. ಗಾಡಿಯ ಭಾರವೆಲ್ಲ ಅವುಗಳ ಮೇಲೆ. ಪಾಟಾ ಅನ್ನುತ್ತಾರೆ ಅವಕ್ಕೆ. ಮಾಲಿಂಗಪ್ಪ ಮುಂದಿನ ಚಕ್ರ ನೋಡಿದ, ಹೊರಳಿ ಹಿಂದಿನದು ನೋಡಿದ. ಬಹಳ ಹೊತ್ತು ಅವನ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು.

"ಪಾಟಾ ಮುರದಿಲ್ಲೋ ರಾಚಣ್ಣ," ಎಂದ ಒಳಗಿನಿಂದಲೇ. "ಎಡಕ ಮುಂದ ಒಂದು, ಹಿಂದ ಒಂದು ಇಲ್ಲಽ ಇಲ್ಲ. ಬಿಚ್ಚಿದಾಂವ ಗ್ರೀಸ ಹಚ್ಚಿ ಬೋಲ್ಟ್ ಹಾಕ್ಯಾನ. ಕಳ್ಳ ಆಗಿದ್ರ ಗ್ರೀಸ ಹಚ್ತಿದ್ದಿಲ್ಲ."



ಮಾಲಿಂಗಪ್ಪ ಹೊರಗೆ ಬಂದು ರಾಚಪ್ಪನ ಮುಖ ನೋಡಿದ. ಏನು ಕೇಳಬೇಕೆಂದಿದ್ದನೋ ಅದನ್ನು ಬಿಟ್ಟು, ಕೈ ಒರೆಸಿಕೊಳ್ಳುತ್ತ ಇಷ್ಟೇ ಹೇಳಿದ: "ಹೊಸಾ ಪಾಟಾ ಬೆಳಗಾವಿಗೆ ಹೋದ್ರೂ ಸಿಗೂದಿಲ್ಲ. ಇದ್ದಬದ್ದ ಉಕ್ಕೆಲ್ಲಾ ದಂಡಿಗೆ ಹೊಂಟೈತಿ. ಹಳೇವು ಎಲ್ಲೆರ ಇದ್ರ ತಗೊಂಡು ಬಾ."

"ಮನ್ಯಾಗ ಅದಾವು," ಎಂದ ರಾಚಪ್ಪ.

ಮನೆಯ ಕಡೆ ನಡೆದ. ಮಿಸ್ತ್ರಿಯ ಚಪ್ಪರದಿಂದ ಮನೆ ದೂರವಿರಲಿಲ್ಲ, ಆದರೂ ಹನುಮಂತ ದೇವರ ಗುಡಿ ಸುತ್ತಿ, ಬಾವಿ ದಾಟಿ, ದೂರದ ದಾರಿಯನ್ನೇ ಹಿಡಿದ.

ಮಳೆಗಾಲದ ಆರಂಭದಲ್ಲಿ, ಕಾರಹುಣ್ಣಿಮೆ ಮುಗಿದ ಮೇಲೆ, ಹುಕ್ಕೇರಿಯ ಗಂಡನ ಮನೆಯಲ್ಲಿ ಬಸುರಿ ಮಗಳು ಶಿವವ್ವನ ಕುಬಸದ ಕಾರ್ಯವಾಗಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು. ಚಕ್ಕಡಿಯಲ್ಲಿ ತರುವುದೆಂದರೆ ದಾರಿ ದೂರ. ಸಾವಕಾರರು ದೊಡ್ಡ ಮನಸ್ಸು ಮಾಡಿ ಗಾಡಿ ಕೊಟ್ಟರು. ಮಾಲಿಲ್ಲದ ಗಾಡಿ ತಗ್ಗಿನಲ್ಲಿ ಎಷ್ಟು ಕುಕ್ಕುತ್ತದೆ ಎಂಬುದು ರಾಚಪ್ಪನಿಗೆ ಗೊತ್ತಿತ್ತು. ತುಂಬಿದ ಹೊಟ್ಟೆಯ ಮಗಳು ಕೂರುವುದು ಎಡಗಡೆ. ಹೊರಡುವ ಹಿಂದಿನ ದಿನ, ಯಾರೂ ಇಲ್ಲದ ಹೊತ್ತಿನಲ್ಲಿ, ಎಡಗಡೆಯ ಎರಡು ಪಾಟಾ ಬಿಚ್ಚಿ ಗೋಣಿತಾಟಿನಲ್ಲಿ ಸುತ್ತಿ ಮನೆಯಲ್ಲಿಟ್ಟ. ಪಟ್ಟಿ ಕಡಿಮೆಯಾಗಿ ಆ ಬದಿ ಮೆತ್ತಗಾಯಿತು. ಗಾಡಿ ವಾಲಿತು. ವಾಲಲಿ. ಬಾಣಂತನ ಮುಗಿಸಿ, ತೊಟ್ಟಿಲ ಸಮೇತ ಮಗಳನ್ನೂ ಮೊಮ್ಮಗುವನ್ನೂ ಹುಕ್ಕೇರಿಗೆ ಮುಟ್ಟಿಸಿ ಬಂದ ಮೇಲೆ ತಿರುಗಿ ಹಾಕಿದರಾಯಿತು ಎಂದುಕೊಂಡಿದ್ದ.

ದಾರಿಯುದ್ದಕ್ಕೂ ಶಿವವ್ವ ಮಾತಾಡುತ್ತಲೇ ಬಂದಿದ್ದಳು. ಧುಪದಾಳದ ಹತ್ತಿರ ನೀರು ಕುಡಿಯಲು ಇಳಿದು, ಮತ್ತೆ ಹತ್ತುವಾಗ, "ಯಪ್ಪಾ, ನಿನ್ನ ಗಾಡಿ ನನ್ನ ಕಡೆನಽ ವಾಲೇತಿ ನೋಡು" ಎಂದು ನಕ್ಕಿದ್ದಳು. ಅವನು ಹಾರ್ನು ಒತ್ತಿ ಮಾತು ಮರೆಸಿದ್ದ.

ಪಂಚಮಿ ಹಬ್ಬದ ಹೊತ್ತಿಗೆ ಕೂಸು ಹುಟ್ಟಿ ಹೋಯಿತು. ಅದರ ಹಿಂದೆಯೇ ಜ್ವರ ಬಂದು ಶಿವವ್ವನೂ ಹೋದಳು.

ಅಂದಿನಿಂದ ಹೆಂಡತಿ ಕಾಶೆವ್ವ ಬಾಣಂತಿ ಕೋಣೆಯ ಬಾಗಿಲು ತೆಗೆದಿರಲಿಲ್ಲ. ಮಗಳು ಮಲಗಿದ್ದ ಹೊರಸು ಹಾಗೆಯೇ ಇತ್ತು. ಹುಕ್ಕೇರಿಯಿಂದ ಮಗಳು ತಂದಿದ್ದ ಟ್ರಂಕು ಮೂಲೆಯಲ್ಲಿತ್ತು. ಗಾಳಿ ಸೋಂಕದಂತೆ ಬಾಣಂತಿಯ ತಲೆದೆಸೆಗೆ ಕಬ್ಬಿಣ ಇಡಬೇಕೆಂದು ಕುಡಗೋಲಿನ ಬದಲು ಇಟ್ಟಿದ್ದ ಆ ಎರಡು ಪಾಟಾಗಳೂ ಅಲ್ಲೇ ಇದ್ದವು. ಗೋಣಿತಾಟಿನಲ್ಲಿ ಸುತ್ತಿಟ್ಟದ್ದು ಹೆಂಡತಿಯ ಕೈಗೆ ಸಿಕ್ಕಿತೇನೋ, ಇಟ್ಟಳೇನೋ ಎಂದು ಅವನು ತಿಳಿದಿದ್ದ. ಕೇಳಿರಲಿಲ್ಲ. ಆ ಮನೆಯಲ್ಲಿ ಈಗ ಯಾರೂ ಏನನ್ನೂ ಕೇಳುತ್ತಿರಲಿಲ್ಲ.

ಕಾಶೆವ್ವ ಪಡಸಾಲೆಯಲ್ಲಿ ಮೊರದ ತುಂಬ ಜೋಳ ಹಾಕಿಕೊಂಡು ಹಸನು ಮಾಡುತ್ತಿದ್ದಳು. ರಾಚಪ್ಪ ಕಂಬಕ್ಕೆ ಒರಗಿ ನಿಂತ.

"ಸಾವಕಾರ್ರು ಗಾಡಿ ನೆಟ್ಟಗ ಮಾಡಸಂದಾರ."

ಅವಳು ಒಂದು ಹರಳು ಆರಿಸಿ ಎಸೆದಳು.

"ಇಲ್ಲಂದ್ರ ಚಾವಿ ಇಡು ಅಂದಾರ. ಒಳಗಿನ ಆ ಎರಡು ಪಾಟಾ ಬೇಕಾಗ್ಯಾವ."

ಅವಳ ಕೈ ಜೋಳದಲ್ಲೇ ನಿಂತಿತು. "ನೀವು ಕೇಳ್ತೀರಿ ಅಂತ ನನಗ ಗೊತ್ತಿತ್ತರಿ. ಯಾವತ್ತು ಕೇಳ್ತೀರಿ ಅನ್ನೂದಷ್ಟಽ ಗೊತ್ತಿದ್ದಿಲ್ಲ."

"ಅವು ಗಾಡೀವು..."

"ಗೊತ್ತೈತಿ. ಯಾಕ ಬಿಚ್ಚಿದ್ರಿ ಅನ್ನೂದೂ ಗೊತ್ತೈತಿ."

ರಾಚಪ್ಪ ಕಂಬ ಬಿಟ್ಟು ಕೆಳಗೆ ಕುಳಿತ.

"ಆಕಿನಽ ಹೇಳಿದ್ಳು," ಎಂದಳು ಕಾಶೆವ್ವ, ಮೊರದಿಂದ ಕಣ್ಣೆತ್ತದೆ. "ಡ್ರೈವರನ ಮಗಳಲ್ಲೇನು. ಧುಪದಾಳದಾಗ ಇಳಿದಾಗ ಬಗ್ಗಿ ನೋಡ್ಯಾಳ. 'ಯವ್ವಾ, ನನ್ನ ಸಲವಾಗಿ ಯಪ್ಪ ಪಾಟಾ ಬಿಚ್ಚ್ಯಾನ. ನನಗ ತಿಳದೈತಿ ಅಂತ ಹೇಳಬ್ಯಾಡ, ನಾಚಿಕೊಂತಾನ' ಅಂದ್ಳು. ಕಬ್ಬಿಣ ಇಡಾಕ ನಾ ಕುಡಗೋಲು ತಂದ್ರ ಬ್ಯಾಡ ಅಂದ್ಳು. ಯಪ್ಪನ ಪಾಟಾನಽ ಇಡು, ಅವಕ್ಕಿಂತಾ ಗಟ್ಟಿ ಕಬ್ಬಿಣ ಯಾವುದೈತಿ ಅಂದ್ಳು."

ಹೊರಗೆ ಯಾರದೋ ದನ ಕೊರಳಗಂಟೆ ಆಡಿಸುತ್ತ ಹೋಯಿತು.

"ನೀ ಬ್ಯಾಡಂದ್ರ ಒಯ್ಯೂದಿಲ್ಲ," ಎಂದ ರಾಚಪ್ಪ. "ಚಾವಿ ಕೊಟ್ಟು ಬರ್ತೀನಿ."

ಕಾಶೆವ್ವ ಎದ್ದಳು. ಕೋಣೆಯ ಬಾಗಿಲ ಚಿಲಕ ತೆಗೆಯಲು ಬಹಳ ಹೊತ್ತು ಹಿಡಿಯಿತು. ಹೊರಗೆ ಬಂದಾಗ ಎರಡೂ ಪಾಟಾಗಳನ್ನು ಎದೆಗೆ ಅವಚಿಕೊಂಡಿದ್ದಳು. ಅವುಗಳ ಮೇಲೆ ಬಾಣಂತಿ ಕೋಣೆಯ ಹೊಗೆ ಕೂತಿತ್ತು, ಅವಳೇ ಹಚ್ಚಿದ ವಿಭೂತಿಯ ಗೆರೆ ಇನ್ನೂ ಮಾಸಿರಲಿಲ್ಲ. ಅವನ ಮುಂದೆ ಇಡಲಿಲ್ಲ, ಕೈಗೇ ಕೊಟ್ಟಳು.

"ಇವು ಹೋದ್ವಂದ್ರ ಆ ಟ್ರಂಕರ ಯಾಕಿರಬೇಕು? ಅದರಾಗ ಆಕಿ ಅತ್ತಿಮನ್ಯಾವರು ಕೊಟ್ಟ ಸೀರಿ ಅದಾವ. ಅವರ ಮನಿಗೆ ಮುಟ್ಟಿಸಿ ಬರೂಣು. ನಾನೂ ಬರ್ತೀನಿ."

ಮಾಲಿಂಗಪ್ಪ ಆ ಸಂಜೆಯೇ ಪಾಟಾ ಕೂಡಿಸಿದ. ವಿಭೂತಿ ಕಂಡು ಒಂದು ಗಳಿಗೆ ಕೈ ತಡೆದ. ಒರೆಸಲಿಲ್ಲ, ಹಾಗೆಯೇ ಬಿಗಿದ. ಜಾಕು ಇಳಿಸಿದಾಗ ಗಾಡಿ ನೆಟ್ಟಗೆ ನಿಂತಿತು. ಚಹಾದಂಗಡಿಯ ಕಟ್ಟೆಯವರಿಗೆ ಅಂದು ಹೇಳಲು ಏನೂ ಉಳಿದಿರಲಿಲ್ಲ. ಸಾವಕಾರರು ಗಾಡಿಯ ಸುತ್ತ ಒಮ್ಮೆ ತಿರುಗಿ ನೋಡಿ, ಹುಕ್ಕೇರಿಯ ಮಾತು ಕೇಳಿ, "ಹೋಗಿ ಬರ್ರಿ" ಎಂದರು.

ಬೆಳಿಗ್ಗೆ ಹೊರಟರು. ಹಿಂದಿನ ಡಬ್ಬಿಯಲ್ಲಿ ಟ್ರಂಕು ಒಂದೇ ಇತ್ತು. ಕಾಶೆವ್ವ ಎಡಗಡೆ ಕುಳಿತಿದ್ದಳು. ಇಷ್ಟು ವರ್ಷಗಳಲ್ಲಿ ಅವಳು ಆ ಗಾಡಿ ಹತ್ತಿದ್ದು ಅದೇ ಮೊದಲು. ಎಲ್ಲಿ ಹಿಡಿದುಕೊಳ್ಳಬೇಕೋ ತಿಳಿಯದೆ ಸೆರಗಿನ ತುದಿಯನ್ನೇ ಹಿಡಿದಿದ್ದಳು.

ಅರಭಾವಿ ದಾಟಿದ ಮೇಲೆ ಮಳೆ ಕೊರೆದ ರಸ್ತೆ ಬಂತು. ರಾಚಪ್ಪ ಗೇರು ಇಳಿಸಿ ನಿಧಾನ ಮಾಡಿದ. ಆದರೂ ಎಡಚಕ್ರ ತಗ್ಗಿಗೆ ಬಿದ್ದದ್ದೇ ಗಾಡಿ ಬಿರುಸಾಗಿ ಕುಕ್ಕಿತು. ಹಿಂದೆ ಟ್ರಂಕು ನೆಗೆದು ಬಿತ್ತು. ಕಾಶೆವ್ವ ಎರಡೂ ಕೈಗಳಿಂದ ಸೀಟು ಹಿಡಿದುಕೊಂಡಳು.

ಸ್ವಲ್ಪ ದೂರ ಹೋದ ಮೇಲೆ ಕೇಳಿದಳು: "ಆಕಿ ಕುಂತಾಗ ಹಿಂಗ ಕುಕ್ಕಿತ್ತೇನ್ರಿ?"

"ಇಲ್ಲ," ಎಂದ ರಾಚಪ್ಪ. ಮುಂದಿನ ತಗ್ಗು ದಾಟಿಸಿ ಮತ್ತೆ ಹೇಳಿದ: "ಒಂದು ಸಲಾನೂ ಇಲ್ಲ."

ಅವಳು ತಲೆಯಾಡಿಸಿ ಹೊರಗಿನ ಹೊಲಗಳ ಕಡೆ ಮುಖ ತಿರುಗಿಸಿದಳು. ಹುಕ್ಕೇರಿಯವರೆಗೂ ತಗ್ಗುಗಳಿದ್ದವು. ಪ್ರತಿಯೊಂದಕ್ಕೂ ಅವನು ಗಾಡಿ ನಿಧಾನ ಮಾಡಿದ.