ನಿಲ್ಸಿ ಅಂದ್ರೆ ನಿಲ್ಸ್ತೀನಿ

"ಇವತ್ತು ನನ್ನನ್ನ ಅದುಮಿ ಹಿಡ್ಕೊಳ್ಳೋರು ಯಾರು?" ಎಂದು ಮಗಳು ತಾಯಿಯನ್ನು ಕೇಳಿದಳು. ಚರ್ಮದ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಮಗಳ ಬಲಗೈ ಸ್ವೆಟರಿನ ತೋಳಿನೊಳಗೆ ಅಡಗಿತ್ತು.

ಆ ಕೈ ತುಂಬ ನರಹುಲಿ. ಹೆಬ್ಬೆರಳಿನ ಪಕ್ಕ ಅಕ್ಕಿಕಾಳಿನಷ್ಟು ಎದ್ದದ್ದು ನೋಡನೋಡುತ್ತ ಉಗುರಿನ ಸುತ್ತ, ಗೆಣ್ಣಿನ ಮೇಲೆ ಹಬ್ಬಿತ್ತು. ಶಾಲೆಯಲ್ಲಿ ಜೋಡಿ ಆಟವೆಂದರೆ ಇವಳ ಪಕ್ಕ ಯಾರೂ ನಿಲ್ಲುತ್ತಿರಲಿಲ್ಲ. ಹಿಂದೆ ಒಂದು ಕ್ಲಿನಿಕ್ಕಿನಲ್ಲಿ ಮಂಜಿಗಿಂತ ತಣ್ಣನೆಯ ಔಷಧಿ ಊದಿಸಿ ಸುಡಿಸಿದ್ದಾಯಿತು. ಆಗ ಭುಜ ಅದುಮಿ ಹಿಡಿದವಳು ತಾಯಿಯೇ. ದಿನವಿಡೀ ಹೊಲಿಗೆ ಮಷೀನಿನಲ್ಲಿ ದಪ್ಪ ಬಟ್ಟೆ ಜಗ್ಗಿ ಗಟ್ಟಿಯಾದ ಕೈ. ಹುಡುಗಿಗೆ ಮಿಸುಕಾಡಲೂ ಆಗಲಿಲ್ಲ. ಕೂಗಿ ಕೂಗಿ ದನಿ ಬಿದ್ದುಹೋಯಿತು. ಬೊಬ್ಬೆ ಎದ್ದು ಮಾಗಿದ ಜಾಗದಲ್ಲೇ ನರಹುಲಿ ಮತ್ತೆ ಹುಟ್ಟಿತು. ಅಂದಿನಿಂದ ಹುಡುಗಿ ತಲೆ ಬಾಚಿಸಿಕೊಳ್ಳಲು ಹತ್ತಿರ ಕೂರುತ್ತಿದ್ದಳು, ಕೈ ಮಾತ್ರ ಮುಟ್ಟಗೊಡುತ್ತಿರಲಿಲ್ಲ.

ಈ ಆಸ್ಪತ್ರೆಯಲ್ಲಿ ಮಕ್ಕಳ ನರಹುಲಿಗೆ ಹೊಸ ಯಂತ್ರ ಪರೀಕ್ಷೆ ಮಾಡ್ತಿದ್ದಾರಂತೆ ಎಂದು ಪಕ್ಕದ ಮನೆಯಾಕೆ ಹೇಳಿದ್ದಕ್ಕೆ ಬಂದಿದ್ದರು.

ಒಳಗೆ ಹೋದಾಗ ಡಾಕ್ಟರಮ್ಮ ಮೊದಲು ಯಂತ್ರವನ್ನು ಮೇಜಿನ ಮೇಲಿಟ್ಟರು. ದಪ್ಪ ಟಾರ್ಚಿನಂಥದು, ತುದಿಯಲ್ಲಿ ಕೆಂಪು ಬೆಳಕು. "ಇದು ಚರ್ಮಾನ ಹದವಾಗಿ ಬಿಸಿ ಮಾಡುತ್ತೆ. ಪರೀಕ್ಷೆ ಅಂದ್ಮೇಲೆ ಹೋಲಿಸಿ ನೋಡ್ಬೇಕಲ್ಲ? ಅರ್ಧ ಮಕ್ಕಳಿಗೆ ನಿಜವಾದ್ದು, ಇನ್ನರ್ಧಕ್ಕೆ ನೋಡೋಕೆ ಹಾಗೇ ಇದ್ದು ಬರೀ ಉಗುರುಬೆಚ್ಚಗಾಗೋ ಡಮ್ಮಿ. ಇವಳಿಗೆ ಯಾವುದು ಬಂದಿದೆ ಅಂತ ನಂಗೂ ಗೊತ್ತಿರಲ್ಲ. ಡಮ್ಮಿ ಬಂದೋರಿಗೆ ವಾಸಿಯಾಗದಿದ್ರೆ ಕೊನೆಗೆ ನಿಜವಾದ್ದನ್ನೇ ಕೊಡ್ತೀವಿ."

"ಆಗ್ಲಿ ಡಾಕ್ಟ್ರೇ," ಎಂದಳು ತಾಯಿ.

"ನೀವು ಒಪ್ಪಿದ್ರೆ ಸಾಲ್ದು. ಕೈ ಇವಳದ್ದು." ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಹುಡುಗಿಯ ಮುಂದೆ ಕೂತರು. "ನಿನ್ನನ್ನ ಯಾರೂ ಹಿಡ್ಕೊಳ್ಳಲ್ಲ ಕಣಮ್ಮ. ಬೇಡ ಅಂದ್ರೆ ಮನೆಗೆ ಹೋಗು. ಮಧ್ಯದಲ್ಲಿ ನಿಲ್ಸಿ ಅಂದ್ರೆ ನಿಲ್ಸ್ತೀನಿ."

ಹುಡುಗಿ ಯಂತ್ರವನ್ನೊಮ್ಮೆ ಡಾಕ್ಟರಮ್ಮನನ್ನೊಮ್ಮೆ ನೋಡಿ ಸ್ವೆಟರಿನ ತೋಳಿನಿಂದ ಕೈ ಹೊರತೆಗೆದಳು. ಯಂತ್ರ ಇನ್ನೂ ಬೆರಳು ಮುಟ್ಟಿರಲಿಲ್ಲ.

"ನಿಲ್ಸಿ!"

ಡಾಕ್ಟರಮ್ಮ ಯಂತ್ರ ಎತ್ತಿ ಪಕ್ಕಕ್ಕಿಟ್ಟರು. ಸ್ವಲ್ಪ ತಡೆದು ಮತ್ತೆ ಹತ್ತಿರ ತಂದರು.

"ನಿಲ್ಸಿ!"

ಮತ್ತೆ ಇಟ್ಟರು. ತಾಯಿಗೆ ಮುಖ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. "ಏ, ಏನೇ ಇದು ಹುಡುಗಾಟ? ಹೊರಗೆ ಎಷ್ಟು ಜನ ಕಾಯ್ತಿದ್ದಾರೆ!"

"ಇರ್ಲಿ ಬಿಡಿ. ಅವಳೂ ನನ್ನನ್ನ ಪರೀಕ್ಷೆ ಮಾಡ್ತಿದ್ದಾಳೆ," ಎಂದು ಡಾಕ್ಟರಮ್ಮ ನಕ್ಕರು.

ಇನ್ನೂ ಕೆಲವು ಸಲ ಹಾಗೇ ನಡೆಯಿತು. ಆಮೇಲೆ ಹುಡುಗಿ ತಾನೇ ಕೈ ಮುಂದಕ್ಕೆ ಚಾಚಿದಳು. ಕೆಂಪು ಬೆಳಕು ಗೆಣ್ಣಿನಿಂದ ಗೆಣ್ಣಿಗೆ ಸರಿಯಿತು. ತಾಯಿ ತನ್ನೆರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದಳು.

"ಅಷ್ಟೇನಾ?" ಎಂದಳು ಹುಡುಗಿ.

ಮುಂದಿನ ವಾರಗಳಲ್ಲಿ ಆಸ್ಪತ್ರೆಗೆ ತಾಯಿಯನ್ನು ಹೊರಡಿಸುತ್ತಿದ್ದವಳೇ ಅವಳು. ಮೊದಮೊದಲು ಏನೂ ಕಾಣಲಿಲ್ಲ. ಬರಬರುತ್ತಾ ಹೆಬ್ಬೆರಳಿನ ದೊಡ್ಡ ನರಹುಲಿ ಕಪ್ಪಗಾಗಿ ಒಣಗಿತು. ಒಂದು ಬೆಳಿಗ್ಗೆ ಹುಡುಗಿ ಬಚ್ಚಲುಮನೆಯಿಂದಲೇ ಕೂಗಿದಳು: "ಅಮ್ಮಾ, ಬಂದು ಮುಟ್ಟಿ ನೋಡು, ಉದುರೋಗಿದೆ!" ತಾಯಿ ಕತ್ತರಿ ಬಿಸುಟು ಓಡಿದಳು. ಹೆದರಿ ಹೆದರಿ ಮುಟ್ಟಿದಳು. ನಯವಾದ ಹೊಸ ಚರ್ಮ. ಇನ್ನುಳಿದವೂ ಒಂದೊಂದಾಗಿ ಕರಗಿದವು.

ಪರೀಕ್ಷೆಯೆಲ್ಲ ಮುಗಿದ ಮೇಲೆ ಡಾಕ್ಟರಮ್ಮನ ಫೋನು ಬಂತು. ಅವರ ದನಿಯಲ್ಲಿ ನಗು ತಡೆದ ಹಾಗಿತ್ತು. "ನಿಮ್ಮ ಮಗಳಿಗೆ ಬಂದಿದ್ದು ಡಮ್ಮಿ ಕಣ್ರೀ. ಮಕ್ಕಳಿಗೆ ಒಂದೊಂದ್ಸಲ ತಾನಾಗೇ ಹೋಗುತ್ತೆ."

ತಾಯಿಗೆ ನಗು ಉಕ್ಕಿ ಬಂತು, ಕಣ್ಣೀರೂ ಬಂತು. "ಹಾಗಾದ್ರೆ ನಿಮ್ಮ ಯಂತ್ರ ಕೆಲಸಕ್ಕೆ ಬಾರದ್ದಾ ಡಾಕ್ಟ್ರೇ?"

"ಇಲ್ಲ ಇಲ್ಲ, ನಿಜವಾದ್ದು ಹಾಕಿಸ್ಕೊಂಡೋರಲ್ಲಿ ಇನ್ನೂ ಜಾಸ್ತಿ ಮಕ್ಕಳಿಗೆ ವಾಸಿಯಾಗಿದೆ. ಆದ್ರೂ ನಿಮ್ಮವಳನ್ನ ಮರೆಯೋ ಹಾಗಿಲ್ಲ ಬಿಡಿ."

ಮಗಳಿಗೆ ಹೇಳೋಣವೆಂದು ತಾಯಿ ಹಿತ್ತಲ ಬಾಗಿಲಿಗೆ ಬಂದಳು. ಅಲ್ಲಿ ಮಗಳೂ ಪಕ್ಕದ ಮನೆಯ ಹುಡುಗಿಯೂ ಒಂದೇ ಬೋಗುಣಿಗೆ ಮೊಣಕೈವರೆಗೆ ಕೈಯಿಳಿಸಿ ಸೋಪಿನ ನೊರೆ ಎಬ್ಬಿಸುತ್ತಿದ್ದರು. ಯಾರ ಕೈ ಯಾವುದೆಂದು ಗೊತ್ತಾಗುತ್ತಿರಲಿಲ್ಲ. ನೊರೆ ಅಂಚು ಮೀರಿ ಮೆಟ್ಟಿಲಿಗೆ ಇಳಿಯುತ್ತಿತ್ತು.