ಪೆನ್ನಿನೊಳಗಿನ ಒಡಪು

ಚನ್ನವೀರನಿಗೆ ಹೊಟ್ಟೆಕಿಚ್ಚು ಬಂದದ್ದು ಹೆಂಡತಿಯ ಮೇಲೆ. ನೆರೆಯವನ ಮೇಲೆ ಬಂದಿದ್ದರೆ ಬಾಗಿಲು ಹಾಕಿಕೊಂಡು ಬೈದು ಹಗುರಾಗಬಹುದಿತ್ತು. ಹೆಂಡತಿ ಬಾಗಿಲ ಒಳಗೇ ಇರುತ್ತಾಳೆ, ಎದುರಿಗೇ ಕೂತು ರೊಟ್ಟಿ ಬಡಿಸುತ್ತಾಳೆ. ಅವಳನ್ನು ಬಿಟ್ಟು ಎಲ್ಲಿಗೆ ಹೋಗುವುದು?

ಪುಣೆಯ ಕಸಬಾ ಪೇಟೆಯಲ್ಲಿ ಒಂದು ಹಳೆಯ ವಾಡೆ, ಅದರ ಮುಂದಿನ ಕೋಣೆಯಲ್ಲಿ ಅವನ ಲೇತ್ ಯಂತ್ರ. ಹೊರಗೆ ‘ಪೆನ್ ದುರುಸ್ತಿ’ ಎಂದು ಮರಾಠಿಯಲ್ಲಿ ಎರಡೇ ಶಬ್ದದ ಬೋರ್ಡು. ವಿಜಾಪುರದಿಂದ ಬಂದವನು ವರ್ಷಗಟ್ಟಲೆ ಎಬೊನೈಟ್ ಎಂಬ ಕಪ್ಪು ಗಟ್ಟಿರಬ್ಬರಿನ ಪೆನ್ನು ಕಡೆದು ಬದುಕಿದ್ದ. ತೊಂಬತ್ತರ ದಶಕದಲ್ಲಿ ಅಗ್ಗದ ಬಾಲ್‌ಪೆನ್ನುಗಳು ಎಲ್ಲೆಡೆ ತುಂಬಿ ಆ ಧಂದೆ ಮಕಾಡೆ ಮಲಗಿತು. ಆಗ ಹೊಳೆದದ್ದು ಅಕ್ರಿಲಿಕ್. ಬೋರ್ಡ್ ಮಾಡುವವರ ಅಂಗಡಿಯಲ್ಲಿ ಉಳಿದ ಬಣ್ಣಬಣ್ಣದ ತುಂಡುಗಳನ್ನು ತಂದು, ಅಕ್ಕಿಕಾಳಿನಷ್ಟು ಸಣ್ಣಗೆ ಕೊಯ್ದು, ಕಪ್ಪು ಕಡ್ಡಿಯ ಸುತ್ತ ಅಂಟಿಸುವುದು. ಒಣಗಿದ ಮೇಲೆ ನೋಡಿದರೆ ಗಂಟು ಗಂಟಾದ ಒಂದು ಮುದ್ದೆ. ಅದನ್ನು ಲೇತಿಗೆ ಹಾಕಿ ಮೇಲಿನ ಪದರ ತೆಗೆದಾಗಲೇ ಒಳಗಿನ ಚಿತ್ತಾರ ಕಣ್ಣಿಗೆ ಬೀಳುವುದು. ಪೆನ್ನಿನ ಹುಚ್ಚು ಹಿಡಿದವರು ವಿಳಾಸ ಹುಡುಕಿಕೊಂಡು ಬರತೊಡಗಿದರು.

ಅಂಟಿಸುವ ಕೆಲಸಕ್ಕೆ ಹೆಂಡತಿ ಶೈಲಾಳನ್ನು ಕೂರಿಸಿದವನು ಚನ್ನವೀರನೇ. ಮಾಡಿಕೊಂಡದ್ದನ್ನು ಉಣ್ಣಲೇಬೇಕಾಯಿತು. ಎಳೆ ಎಣಿಸಿ ಕಸೂತಿ ಹಾಕಿ ಬೆಳೆದ ಕೈ ಅವಳದು. ಚನ್ನವೀರ ಕೂಡಿಸಿದ ತುಂಡುಗಳ ನಡುವೆ ಬೆಳಕಿಗೆ ಹಿಡಿದರೆ ಅಂಟಿನ ಗೆರೆ ಕಾಣುತ್ತಿತ್ತು. ಅವಳು ಕೂಡಿಸಿದ್ದರಲ್ಲಿ ಉಗುರು ಎಳೆದರೂ ಸಂದು ಸಿಗುತ್ತಿರಲಿಲ್ಲ. ಇಳಕಲ್ ಸೀರೆಯ ಸೆರಗಿನ ಜೋಳದ ತೆನೆಯನ್ನು ಕೆಂಪು ಬಿಳಿಯಲ್ಲಿ ಪೆನ್ನಿನ ಮೇಲೆ ಇಳಿಸಿದಳು. ಬಂದವರೆಲ್ಲ ಆ ತೆನೆಯನ್ನೇ ಸವರಿ ನೋಡುವವರು. ಲೇತಿನ ಕೆಲಸ ಎಷ್ಟು ನುಣುಪಾಗಿದೆ ಎಂದು ಒಬ್ಬ ನರಪಿಳ್ಳೆಯೂ ಹೇಳಲಿಲ್ಲ.

ಲೇತ್ ಒಂದನ್ನು ಮಾತ್ರ ಅವನು ಅವಳಿಗೆ ಮುಟ್ಟಗೊಟ್ಟಿರಲಿಲ್ಲ. “ಸೆರಗು ಸಿಕ್ಕೊಂಡೀತು” ಎನ್ನುತ್ತಿದ್ದ. ಖರೆ ಹೇಳಬೇಕೆಂದರೆ ಅದೊಂದಾದರೂ ತನಗೇ ಉಳಿಯಲಿ ಎಂಬ ಆಸೆ.

ಶೈಲಾಳದು ಮೊದಲಿನಿಂದಲೂ ಮಾತು ಕಡಿಮೆ. ಮದುವೆಯ ದಿನ ನಾದಿನಿಯರು ಹೊಸ್ತಿಲಲ್ಲಿ ಅಡ್ಡಗಟ್ಟಿ, ಒಡಪು ಹಾಕಿ ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದರು. ಅವಳು ನಾಚಿ, ಬೆವೆತು, ಕೊನೆಗೆ ವಿಜಾಪುರ ಸೀಮೆಯ ಡೋಣಿ ಹೊಳೆಯ ಹೆಸರು ಹಿಡಿದು “ಬಿಳಿಜ್ವಾಳಕ್ಕ ಹೆಸರಾತು ಡೋಣಿ, ಚನ್ನವೀರ ಅವರಿಗೆ ನಾ ರಾಣಿ” ಎಂದು ಒಂದೇ ಉಸಿರಿಗೆ ಹೇಳಿ ಒಳಗೆ ಓಡಿದ್ದಳು. ಅದಾಗಿ ಇಪ್ಪತ್ತೆರಡು ವರ್ಷ.

2003ರ ಒಂದು ಸೋಮವತಿ ಅಮಾವಾಸ್ಯೆಗೆ ಚನ್ನವೀರ ಜೇಜುರಿಯ ಜಾತ್ರೆಗೆ ಹೋದ. ಹಣೆತುಂಬ ಭಂಡಾರದ ಅರಿಷಿಣ ಬಡಿದುಕೊಂಡು ತಿರುಗಿ ಬಂದಾಗ ಶೈಲಾ, ಭೋರ್ ಊರಿನ ಒಬ್ಬ ವಕೀಲರು ಬಂದಿದ್ದರೆಂದು ಹೇಳಿದಳು. ಅವರು ಪೆನ್ನು ಸಂಗ್ರಹಿಸುವ ಹವ್ಯಾಸದವರು. ಮುಂದಿನ ತಿಂಗಳು ಪುಣೆಯಲ್ಲಿ ಪೆನ್ನುಗಳ ಪ್ರದರ್ಶನ ಇಡುತ್ತಾರಂತೆ, ಇವರದೂ ಒಂದು ವಿಶೇಷ ಪೆನ್ನು ಬೇಕಂತೆ. ಚನ್ನವೀರ ಉಬ್ಬಿಹೋದ. ವಾರದ ಮೇಲೆ ಅಂಚೆಯಲ್ಲಿ ಆಮಂತ್ರಣ ಬಂತು. ಕುಶಲಕರ್ಮಿಗಳ ಹೆಸರಿನ ಪಟ್ಟಿಯಲ್ಲಿ ಪುಣೆ ಎಂದು ಬರೆದ ಕಡೆ ಅಚ್ಚಾಗಿದ್ದದ್ದು ಒಂದೇ ಹೆಸರು: ಶೈಲಾ.

ಅವನು ಪಟ್ಟಿಯನ್ನು ಮೂರು ಸಲ ಓದಿದ. ಹಿಂದೆ ಮುಂದೆ ತಿರುವಿದ. ಇವಳೇ ಹೇಳಿ ಬರೆಸಿದ್ದಾಳೆ! ದೇವರಿಗೆ ಹೋದವನ ಬೆನ್ನ ಹಿಂದೆ! ಕೇಳಿಬಿಡಬಹುದಿತ್ತು. ಕೇಳಿದರೆ ಕಿಚ್ಚು ಬಯಲಾಗುತ್ತದಲ್ಲ, ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡ. ಪಲ್ಯಕ್ಕೆ ಉಪ್ಪು ಸಾಲದೆಂದು ಬೈದ, ಚಹಾ ಆರಿದೆಯೆಂದು ಬೈದ. “ಜೇಜುರಿಗೆ ಹೋಗಿ ಬಂದಿಂದ ಯಾಕ ಹಿಂಗ ಆಗೀರಿ?” ಎಂದು ಕೇಳಿದ್ದಕ್ಕೂ ಬೈದ.

ಆ ವಿಶೇಷ ಪೆನ್ನನ್ನು ಅವಳು ಅವನಿಗೆ ತೋರಿಸದೆ ಮಾಡಿದಳು. ಹದಿನೈದು ದಿನ ಮಧ್ಯಾಹ್ನ ಪೂರ್ತಿ ಕಿಟಕಿಯ ಹತ್ತಿರ ಚಿಮಟಿಗೆ ಹಿಡಿದು ಕೂಡುವಳು, ಅವನು ಬಂದರೆ ಅರಿವೆ ಮುಚ್ಚುವಳು. ಅವಳ ಮುಖದಲ್ಲಿ ಒಂದು ಕಳ್ಳ ನಗೆ ಬೇರೆ. ತನ್ನ ಹೆಸರು ಅಚ್ಚಾದ ಹಿಗ್ಗು ಅದು ಎಂದು ಚನ್ನವೀರ ಹಲ್ಲು ಕಡಿದ.

ಒಂದು ಬೆಳಿಗ್ಗೆ ಮುದ್ದೆಯನ್ನು ಅವನ ಕೈಗಿಟ್ಟಳು. “ತೆಳ್ಳಗ ತಗೀರಿ. ತುಂಡು ಭಾಳ ಒಳತನಕ ಇಲ್ಲ.”

“ನನಗ ಲೇತ್ ಕಲಸ್ತೀ?”

ಅವಳು ನಕ್ಕು ಚಹಾಕ್ಕಿಡಲು ಒಳಗೆ ಹೋದಳು. ಆ ನಗೆ ಅವನನ್ನು ಕೆಡಿಸಿತು.

ಮೊದಲ ಸಲ ನಿಯತ್ತಿನಿಂದಲೇ ಗುಂಡಗೆ ಮಾಡಿದ. ಲೇತ್ ತಿರುಗುವಾಗ ಚಿತ್ತಾರ ಕಾಣುವುದಿಲ್ಲ, ಬರೀ ಬಣ್ಣದ ಪಟ್ಟೆಗಳು ಕಾಣುತ್ತವೆ. ಕೆಂಪು, ಬಿಳಿ, ಕೆಂಪು. ಎಲ್ಲಿಯೂ ಒಂದು ತುಂಡು ಸಡಿಲಿರಲಿಲ್ಲ, ಉಳಿಯ ದನಿ ಒಂದೇ ಸಮನೆ ಇತ್ತು. ಒಂದು ತಪ್ಪಾದರೂ ಸಿಗಬಾರದೇ ಎಂದು ಅವನಿಗೆ ಸಿಟ್ಟು ನೆತ್ತಿಗೇರಿತು. ತುಂಡು ಹಾರಲಿ ನೋಡೋಣ, ಇವಳ ಅಂಟು ಎಷ್ಟು ಗಟ್ಟಿ ಇದೆ! ಉಳಿಯನ್ನು ಬಲತುದಿಗೆ ಒಯ್ದು, ಬೇಕೆಂದೇ ಆಳಕ್ಕೆ ಇಳಿಸಿ, ಎಡಕ್ಕೆ ನೂಕಿದ.

ಅಂಟು ಬಿಡಲಿಲ್ಲ. ಕೆಂಪು ಬಿಳಿ ಹೊಟ್ಟು ಮಾತ್ರ ಸುರುಳಿ ಸುರುಳಿಯಾಗಿ ಎದ್ದು ಅವನ ಕೈಗೆ, ಎದೆಗೆ ಬಂದು ಅಂಟಿತು. ಪಟ್ಟೆಗಳು ಒಂದೊಂದಾಗಿ ಅಳಿದು ಒಳಗಿನ ಕಪ್ಪು ಕಂಡಿತು. ಅರ್ಧ ದಾಟಿದ ಮೇಲೆ ಹೆದರಿ ಬಟನ್ ಒತ್ತಿದ. ಲೇತ್ ನಿಧಾನಕ್ಕೆ ನಿಂತಿತು.

ಎಡತುದಿಯಲ್ಲಿ ಜೋಳದ ತೆನೆ. ಅದರ ಪಕ್ಕದಲ್ಲಿ ಕೆಂಪಿನ ಮೇಲೆ ಬಿಳಿ ಕಾಳು ಪೋಣಿಸಿದ ಹಾಗೆ ಒಂದು ಕನ್ನಡ ಅಕ್ಷರ: ಚ. ಅದರ ಮಗ್ಗುಲಿಗೆ ಅರ್ಧ ಸವೆದ ಒಂದು ನ್ನ. ಆಮೇಲೆ ಬರೀ ಕಪ್ಪು.

ಶೈಲಾ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಪೆನ್ನಿನ ಮೇಲಿಂದ ಅವನ ಎದೆಯ ಹೊಟ್ಟಿನ ಮೇಲೆ ಬಂದು ನಿಂತಿತು.

“ಆ ಪಟ್ಟಿಯೊಳಗ ನಿನ್ನ ಹೆಸರು ಬರಸಿದ್ಯಲ್ಲ...” ಎಂದ ಅವನು.

“ವಕೀಲರು ಯಾರು ಮಾಡ್ತಾರ ಅಂತ ಕೇಳಿದ್ರು. ನಮ್ಮ ಮನ್ಯಾರು ಅಂದ್ನಿ. ಹೆಸರೇನು ಅಂದ್ರು. ಗಂಡನ ಹೆಸರು ನಾ ಹೆಂಗ ಹೇಳ್ಲಿರಿ? ಸುಮ್ಮ ನಿಂತೆ. ಹೋಗ್ಲಿ ಬಿಡ್ರಿ, ನಿಮ್ಮ ಹೆಸರರ ಹೇಳ್ರಿ ಅಂದ್ರು. ನನ್ನ ಹೆಸರು ಹೇಳಾಕ ನನಗೇನು ಅಡ್ಡಿ?”

ಚನ್ನವೀರ ಬೆಪ್ಪಾದ. ಇಪ್ಪತ್ತೆರಡು ವರ್ಷದಿಂದ ಈ ಬಾಯಿ ತನ್ನ ಹೆಸರನ್ನು ಎತ್ತಿಲ್ಲ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಉಣ್ಣುವಾಗ, ಉಡುವಾಗ ‘ಏನ್ರಿ’ ಎಂಬುದೇ ತನ್ನ ಹೆಸರಾಗಿ ಹೋಗಿತ್ತು.

“ಒಡಪು ಹಾಕಿ ಹೇಳಬೇಕಿತ್ತು,” ಎಂದ, ಏನಾದರೂ ಅನ್ನಬೇಕಲ್ಲ ಎಂದು.

“ಮರಾಠಿ ವಕೀಲರ ಮುಂದ ಕನ್ನಡ ಒಡಪು ಹಾಕ್ಲ್ಯಾ?” ಅವಳು ಚಹಾದ ಲೋಟವನ್ನು ಲೇತಿನ ಹಲಗೆಯ ಮೇಲೆ ಇಟ್ಟಳು. “ಅದಕ್ಕ ಇದರಾಗ ಹಾಕಿದ್ನಿ. ನೋಡಾವರಿಗೆ ಬರೇ ಡಿಜೈನು. ನಿಮಗಷ್ಟ ಓದಾಕ ಬರಲಿ ಅಂತ.”

“ಇನ್ನೊಂದು ಮಾಡು. ಈ ಸಲ ತೆಳ್ಳಗ ತಗೀತೀನಿ. ಆಣೆ ಮಾಡಿ ಹೇಳ್ತೀನಿ.”

ಅವಳು ಮೂಲೆಯಲ್ಲಿದ್ದ ಕಸಬರಿಗೆ ತಗೊಂಡು ನೆಲದ ಮೇಲಿನ ಕೆಂಪು ಬಿಳಿ ಹೊಟ್ಟನ್ನು ಗುಡಿಸತೊಡಗಿದಳು.

“ತಡಿ,” ಎಂದು ಚನ್ನವೀರ ಅವಳ ಕೈಯಿಂದ ಕಸಬರಿಗೆ ಕಸಿದುಕೊಂಡ. ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು, ತನ್ನ ಹೆಸರನ್ನು ತಾನೇ ಬಳಿದು ಮೊರಕ್ಕೆ ತುಂಬಿದ.