ತುತ್ತಿನ ಭಯ

ಮೊದಲ ಬಸುರು ಏಳನೇ ತಿಂಗಳಲ್ಲಿ ಹೋದ ಮೇಲೆ ಜಯಾ ಯಾರ ಸೀಮಂತಕ್ಕೂ ಹೋಗಿರಲಿಲ್ಲ. ೨೦೦೪ರಲ್ಲಿ ಮತ್ತೆ ಬಸುರಾದಾಗ, ರಕ್ತದಲ್ಲಿ ಸಕ್ಕರೆ ಜಾಸ್ತಿಯಿದೆ ಎಂದು ಜಯನಗರದ ಡಾಕ್ಟರ್ ಕಾತ್ಯಾಯಿನಿ ಹೇಳಿದರು. ಅವತ್ತು ಅವಳು ಗಂಡ ಮೌನೇಶನೊಡನೆ ಬಿಟಿಎಂ ಲೇಔಟಿನ ಬಾಡಿಗೆ ಮನೆಗೆ ಬಂದು, ಸಕ್ಕರೆ ಡಬ್ಬಿಯನ್ನು ಕೆಳಗಿನ ಮನೆಯವರಿಗೆ ಕೊಟ್ಟುಬಿಟ್ಟಳು.

ಅನ್ನ, ರೊಟ್ಟಿ ಮಿತವಾಗಿರಲಿ ಎಂದಷ್ಟೇ ಡಾಕ್ಟರು ಹೇಳಿದ್ದರು. ಜಯಾ ಅನ್ನವನ್ನೇ ಬಿಟ್ಟಳು, ಆಮೇಲೆ ರೊಟ್ಟಿಯನ್ನೂ. ಬೇಳೆಕಾಳಿನಲ್ಲೂ ಸಕ್ಕರೆ ಇರುತ್ತದೆಂದು ಪಕ್ಕದ ಮನೆಯ ಉಮಾಶ್ರೀ ಹೇಳಿದ್ದೇ ತಡ, ಅವನ್ನೂ ಬಿಟ್ಟು ಸೌತೆಕಾಯಿ, ನೀರು ಮಜ್ಜಿಗೆಯಲ್ಲಿ ದಿನ ದೂಡಿದಳು. ಸಕ್ಕರೆ ಇಳಿಯಿತು. ಕೊರಿಯರ್ ಆಫೀಸಿನಿಂದ ತಡವಾಗಿ ಬರುವ ಮೌನೇಶನಿಗೆ, ತನ್ನದು ಊಟವಾಯಿತೆನ್ನುತ್ತಿದ್ದಳು. ಅವಳ ಕೆನ್ನೆ ಬತ್ತಿದ್ದನ್ನು ಅವನು ಬಸುರಿಯ ಸಂಕಟವೆಂದೇ ತಿಳಿದ.

ಒಂದು ದಿನ ಬನಶಂಕರಿ ಬಸ್ಸಿನಲ್ಲಿ ಅವಳಿಗೆ ಕಣ್ಣು ಕತ್ತಲೆ ಬಂತು. ಕುಸಿದವಳನ್ನು ಯಾರೋ ಹೆಂಗಸರು ಆಟೋದಲ್ಲಿ ಕಾತ್ಯಾಯಿನಿಯವರ ಆಸ್ಪತ್ರೆಗೆ ಮುಟ್ಟಿಸಿದರು. ಮೌನೇಶ ಓಡಿ ಬರುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಮಗುವಿನ ಎದೆಬಡಿತ ಸರಿಯಿತ್ತು. ಬೆಳವಣಿಗೆ ಹಿಂದೆ ಬಿದ್ದಿತ್ತು.

ಡಾಕ್ಟರು ಗದರಲಿಲ್ಲ. “ಸಕ್ಕರೆ ಚೆನ್ನಾಗೇ ಇದೆ ಜಯಾ. ಆದ್ರೆ ನೀವು ಉಪವಾಸ ಇದ್ದೀರ. ಮಗು ಯಾವುದ್ರಿಂದ ಬೆಳೀಬೇಕು?”

“ತಿಂದ್ರ ಸಕ್ಕರಿ ಏರ್ತದಲ್ರಿ ಮೇಡಂ. ಮೊದಲಿನ ಕೂಸಿಗೆ ಆದಂಗ ಆದ್ರ?” ಎಂದಳು ಜಯಾ. ಮೌನೇಶ ಗೋಡೆಯ ಕಡೆ ಮುಖ ತಿರುಗಿಸಿದ.

ಕಾಳಿನಲ್ಲೂ ಒಂದಷ್ಟು ಪಿಷ್ಟ ಇದೆ ನಿಜ, ಆದರೆ ಜೊತೆಗೆ ಪ್ರೋಟೀನೂ ನಾರೂ ಇರುವುದರಿಂದ ಸಕ್ಕರೆ ನಿಧಾನವಾಗಿ ಏರುತ್ತದೆಂದು ಡಾಕ್ಟರು ಬಿಡಿಸಿ ಹೇಳಿದರು. ಹೊತ್ತುಹೊತ್ತಿಗೆ ಸಣ್ಣ ರೊಟ್ಟಿಯೊಂದು, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ನಡುವೆ ಒಂದು ಹಿಡಿ ಶೇಂಗಾ. ಪ್ರೋಟೀನ್ ಪುಡಿಯ ಡಬ್ಬಿ ತರಲೇ ಎಂದು ಮೌನೇಶ ಕೇಳಿದ. ಅದು ಬೇಡ, ಮನೆಯೂಟ ಸಾಕೆಂದರು ಡಾಕ್ಟರು. ಇಷ್ಟಾಗಿಯೂ ಸಕ್ಕರೆ ಏರಿದರೆ ಇನ್ಸುಲಿನ್ ಕೊಡೋಣ, ಹಸಿದು ಮಾತ್ರ ಇರಬೇಡಿ ಎಂದರು.

ಮನೆಯಲ್ಲಿ ಮೌನೇಶ ತಾನೇ ಕಡಲೆಹಿಟ್ಟಿನ ಝುಣಕ ಮಾಡಿದ. ಅದು ಗಂಟುಗಂಟಾಗಿತ್ತು. ತಾಟು ಮುಂದಿಟ್ಟರೂ ಜಯಾ ಕೈ ಹಾಕಲಿಲ್ಲ.

“ನನಗೂ ಅಂಜಿಕಿ ಐತಿ,” ಎಂದ ಅವನು. “ಉಂಡೀನಿ ಅಂತ ನೀ ಹೇಳ್ದಾಗೆಲ್ಲ ನಾ ನಂಬಿದೆ. ಇನ್ಮ್ಯಾಲೆ ಇಬ್ರೂ ಕೂಡೇ ಉಣ್ಣೂನು.”

ಅವಳು ಅಳುತ್ತಲೇ ಉಂಡಳು. ಮುಂದೆ ಸಕ್ಕರೆ ಸ್ವಲ್ಪ ಏರಿತು. ಇನ್ಸುಲಿನ್ ಚುಚ್ಚಿಕೊಳ್ಳುವುದನ್ನೂ ಕಲಿತಳು. ಉಂಡಾದ ಮೇಲೆ ಮಗು ಒದೆಯುವವರೆಗೆ ಹೊಟ್ಟೆಯ ಮೇಲಿನ ಕೈ ತೆಗೆಯುತ್ತಿರಲಿಲ್ಲ.

ಚಳಿಗಾಲದಲ್ಲಿ ಹೆಣ್ಣುಮಗು ಹುಟ್ಟಿತು. ತೂಕ ಕಡಿಮೆಯೆಂದು ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಾನು ಉಣ್ಣದೆ ಇದ್ದದ್ದಕ್ಕೇ ಹೀಗಾಯಿತೇ ಎಂದು ಜಯಾ ಹೊರಗಿನ ಬೆಂಚಿನಲ್ಲಿ ಕೂತು ಮೌನೇಶನನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ನರ್ಸು ಮಗುವನ್ನು ತಂದು ಮಡಿಲಿಗಿಟ್ಟು, ಹಾಲು ಕುಡಿಸಿ ಎಂದ ದಿನ ಅವಳು ಕೇಳುವುದನ್ನು ನಿಲ್ಲಿಸಿದಳು.